ಮೆತ್ತನೆಯ ಕಮಾನು

ಅಕ್ಕನಾಗಮ್ಮ ಗಾಡಿ ಓಡಿಸಲು ಕಲಿತದ್ದು ನಲವತ್ತು ದಾಟಿದ ಮೇಲೆ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಸ್ಕೂಟಿ ಓಡಿಸುವ ಹೆಂಗಸರು ಬೇಕಾದಷ್ಟಿದ್ದರು, ಸಣ್ಣ ಕಾರು ಓಡಿಸುವವರೂ ಇದ್ದರು. ಆದರೆ ಜೀವನದಲ್ಲಿ ಸೈಕಲ್ಲನ್ನೂ ಹತ್ತದಿದ್ದ ಈ ಕುಳ್ಳನೆಯ ಹೆಂಗಸು ಒಮ್ಮೆಗೇ ಏರಿ ಕೂತದ್ದು ಹಿಂದೆ ಎಂಟು ಜನ ಕೂರಬಹುದಾದ, ಜೀಪಿಗಿಂತಲೂ ಎತ್ತರದ ದೊಡ್ಡ ಗಾಡಿಯಲ್ಲಿ. ಬೆನ್ನಿಗೊಂದು ದಿಂಬು, ಕೆಳಗೊಂದು ದಿಂಬು ಇಟ್ಟುಕೊಂಡು, ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಆಕೆ ಹೊರಟರೆ ಓಣಿಯ ಹುಡುಗರು "ಲಾರಿ ಆಂಟಿ ಬಂದ್ರು" ಎಂದು ನಗುತ್ತಿದ್ದರು. ಆಕೆಗೆ ಕೇಳಿಸುತ್ತಿತ್ತು. ಆದರೆ ನಗುವವರ ಕಡೆ ತಿರುಗಲೂ ಆಗದಷ್ಟು ಗಮನ ರಸ್ತೆಯ ಮೇಲಿರುತ್ತಿತ್ತು. ಹಿಂದಿನ ಹಾಸಿಗೆಯ ಮೇಲೆ ಮಗಳು ರಶ್ಮಿತಾ ಮಲಗಿರುತ್ತಿದ್ದಳು.

ರಶ್ಮಿತಾ ಎಡಗೈ ಮುರಿದುಕೊಂಡೇ ಹುಟ್ಟಿದ ಮಗು. ಹೆರಿಗೆಯಲ್ಲಿ ಏನೋ ಎಳೆದಾಟವಾಗಿರಬೇಕು ಎಂದು ಮನೆಯವರು ಸೂಲಗಿತ್ತಿ ನರ್ಸನ್ನು ಬೈದುಕೊಂಡರು. ಮೂರು ತಿಂಗಳಿಗೆ ಅಂಗಿ ಬದಲಿಸುವಾಗ ಬಲಗೈ ಮುರಿಯಿತು. ಆಮೇಲೆ ದೊಡ್ಡ ಆಸ್ಪತ್ರೆಯ ಮೂಳೆ ಡಾಕ್ಟರು ಕೂರಿಸಿಕೊಂಡು ಹೇಳಿದರು: ಇದು ಹುಟ್ಟಿನಿಂದಲೇ ಬಂದ ಕಾಯಿಲೆ, ಮೂಳೆಗೆ ಗಟ್ಟಿತನವೇ ಇಲ್ಲ, ಚಾಕ್‌ಪೀಸಿನ ಹಾಗೆ ಮುರಿಯುತ್ತದೆ, ವಾಸಿಯಾಗುವುದಿಲ್ಲ, ಜೋಪಾನ ಮಾಡಬೇಕು ಅಷ್ಟೆ. ಅಪ್ಪ ಕರಿಬಸವರಾಜ ಆ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟ. ಆತನದು ಕೆ.ಬಿ. ಬಡಾವಣೆಯಲ್ಲಿ ನೀರಿನ ಪೈಪು, ಪಂಪ್‌ಸೆಟ್ಟಿನ ಅಂಗಡಿ. ಹದಡಿಯಲ್ಲಿ ಹಿರಿಯರ ಜಮೀನು. ಮಾತು ಕಡಿಮೆ, ಮಗಳ ಮೇಲೆ ಜೀವ. ಇನ್ನೊಂದು ಮಗುವಾಗಲಿ ಎಂದು ನೆಂಟರು ಹೇಳಿದಾಗಲೆಲ್ಲ "ಇದ್ದಾಕಿನ್ನ ನೋಡ್ಕೊಂಡ್ರೆ ಸಾಕು" ಎಂದು ಎದ್ದುಹೋಗುತ್ತಿದ್ದ.

ಹುಡುಗಿ ಬೆಳೆದಳು, ಆದರೆ ದೇಹ ಬೆಳೆಯಲಿಲ್ಲ. ಹದಿಮೂರು ವರ್ಷಕ್ಕೆ ಐದು ವರ್ಷದ ಮಗುವಿನಷ್ಟಿದ್ದಳು. ದನಿ ಮಾತ್ರ ಮನೆ ತುಂಬ ಕೇಳಿಸುವಂಥದ್ದು. ಟೀವಿಯಲ್ಲಿ ಕ್ರಿಕೆಟ್ ನಡೆಯುತ್ತಿದ್ದರೆ ಕ್ಯಾಚ್ ಬಿಟ್ಟವನಿಗೆ ಅವಳು ಹಾಕುವ ಬೈಗುಳ ಪಕ್ಕದ ಮನೆಗೂ ತಲುಪುತ್ತಿತ್ತು. ಮನೆಗೇ ಬಂದು ಪಾಠ ಹೇಳುತ್ತಿದ್ದ ನಯನಾ ಎಂಬ ಟೀಚರಮ್ಮನ ಜೊತೆ ವಾದ ಮಾಡಿ ಮಾಡಿ ಇತಿಹಾಸ ಕಲಿತಳು.

ಸಣ್ಣ ಕಾರಿನಲ್ಲಿ ಅವಳನ್ನು ಕೂರಿಸಬೇಕಾದರೆ ಬಗ್ಗಿಸಬೇಕು, ಮಡಚಬೇಕು. ಹಾಗೆ ಕೂರಿಸುವಾಗಲೇ ಒಮ್ಮೆ ಪಕ್ಕೆಲುಬು ಬಿರುಕು ಬಿಟ್ಟಿತು. ಅದಕ್ಕೇ ಕರಿಬಸವರಾಜ ಆ ದೊಡ್ಡ ಗಾಡಿಯನ್ನು ತಂದ. ಹಿಂದಿನ ಸೀಟು ತೆಗೆಸಿ ಹಾಸಿಗೆ ಹಾಕಿಸಿದ. ಹಿಂಬಾಗಿಲು ತೆಗೆದು, ಮಲಗಿದ ಹಲಗೆಯ ಸಮೇತ ಮಗಳನ್ನು ಹಾಗೆಯೇ ಒಳಕ್ಕೆ ಸರಿಸಬಹುದಿತ್ತು. ಎಲ್ಲರಿಗೂ ಖುಷಿಯಾಯಿತು. ಹರಿಹರದಲ್ಲಿದ್ದ ಅಜ್ಜಿ ನಿರ್ಮಲಮ್ಮನನ್ನು ನೋಡಲು ಮೊದಲ ಸಲ ಹೊರಟರು.

ಹರಿಹರ ಇನ್ನೇನು ಬಂತು ಎನ್ನುವಾಗ ಬಣ್ಣ ಅಳಿಸಿಹೋಗಿದ್ದ ಒಂದು ಹಂಪ್ ಕರಿಬಸವರಾಜನಿಗೆ ಕಾಣಲಿಲ್ಲ. ಭಾರ ಹೊರಲೆಂದೇ ಮಾಡಿದ ಗಾಡಿ ಅದು. ಹಿಂದಿನ ಚಕ್ರದ ಮೇಲೆ ಸ್ಪ್ರಿಂಗಿನ ಕೆಲಸ ಮಾಡುವ ದಪ್ಪ ಉಕ್ಕಿನ ಕಮಾನು ಪಟ್ಟಿಗಳು ಒಂದರ ಮೇಲೊಂದು ಬಿಗಿದಿದ್ದವು. ಹತ್ತು ಚೀಲ ಭತ್ತ ಹೇರಿದ್ದರೆ ಸುಮ್ಮನಿರುತ್ತಿತ್ತು. ಖಾಲಿ ಇದ್ದದ್ದರಿಂದ ಹಿಂಭಾಗ ಜಿಗಿದುಬಿಟ್ಟಿತು. ಹಾಸಿಗೆಯ ಮೇಲಿದ್ದ ಹುಡುಗಿ ಮೇಲಕ್ಕೆದ್ದು ಬಿದ್ದಳು. ತೊಡೆಯ ಮೂಳೆ ಮುರಿದ ಸದ್ದು ಮುಂದಿದ್ದ ಅಪ್ಪನಿಗೂ ಕೇಳಿಸಿತು.

ಆ ದಿನದ ಮೇಲೆ ಕರಿಬಸವರಾಜ ಮಗಳು ಒಳಗಿದ್ದಾಗ ಸ್ಟೇರಿಂಗ್ ಮುಟ್ಟಲಿಲ್ಲ. "ನನ್ನ ಕೈಲಿ ಆಗಂಗಿಲ್ಲ ನಾಗಮ್ಮ, ಡ್ರೈವರ್ ಇಟ್ಕೊಳಾನ" ಎಂದ. ಬಂದ ಡ್ರೈವರುಗಳಿಗೆ ಎಷ್ಟು ಹೇಳಿದರೂ ಅವಸರ. ಕೊನೆಗೆ ಅಕ್ಕನಾಗಮ್ಮ ತಾನೇ ಹೋಗಿ ಡ್ರೈವಿಂಗ್ ಸ್ಕೂಲಿಗೆ ಹೆಸರು ಬರೆಸಿದಳು.

ಕಲಿತಳು. ಆದರೂ ಗಾಡಿ ಗಾಡಿಯೇ. ಎಷ್ಟು ಮೆಲ್ಲಗೆ ಹೋದರೂ ಹಿಂಭಾಗ ಕುಣಿಯುತ್ತಿತ್ತು. ಯಾರೋ ಲಾರಿಯವರು ಹೇಳಿದರೆಂದು ಹರಿಹರದ ಹಳೇ ಪಿ.ಬಿ. ರಸ್ತೆಯಲ್ಲಿದ್ದ ಹಿದಾಯತ್ ಮಿಸ್ತ್ರಿಯ ಗ್ಯಾರೇಜಿಗೆ ಒಂದು ಬೆಳಿಗ್ಗೆ ಒಬ್ಬಳೇ ಹೋದಳು. ಹಿದಾಯತ್ ತಂದೆ ಮೌಲಾ ಸಾಬರ ಕಾಲದಿಂದಲೂ ಕಮಾನಿನ ಕೆಲಸ ಮಾಡಿಕೊಂಡು ಬಂದ ಮನುಷ್ಯ, ಆಗಲೇ ಐವತ್ತು ದಾಟಿದ್ದ. ಗಾಡಿಯ ಹಿಂದೆ ಬಗ್ಗಿ ನೋಡಿ ಕೇಳಿದ:

"ಎಷ್ಟು ಪಟ್ಟಿ ಹಾಕ್ಬೇಕ್ರಿ ಅಮ್ಮಾರ? ಏನು ಲೋಡ್ ಹಾಕ್ತೀರಿ?"

"ಹಾಕಾದು ಬ್ಯಾಡ್ರಿ, ತೆಗೀಬೇಕು. ಲೋಡ್ ಅಂದ್ರೆ ನನ್ನ ಮಗಳು ಒಬ್ಬಾಕಿ."

ಹಿದಾಯತ್ ತಮಾಷೆ ಎಂದುಕೊಂಡು ನಕ್ಕ. ಆಕೆ ನಗಲಿಲ್ಲ. ನಿಂತಲ್ಲೇ ಮಗಳ ಕಥೆಯನ್ನೆಲ್ಲ ಹೇಳಿದಳು. ಅವನು ಕೈಗೆ ಹತ್ತಿದ ಗ್ರೀಸನ್ನು ಬಟ್ಟೆಗೆ ಒರೆಸುತ್ತ, ಒರೆಸಿದ ಕೈಯನ್ನೇ ಮತ್ತೆ ಒರೆಸುತ್ತ ಕೇಳಿದ. ಆಮೇಲೆ ಒಂದು ಸ್ಟೂಲು ತರಿಸಿ "ಕೂಡ್ರಿ" ಎಂದ.

"ಸುಮ್ನೆ ಪಟ್ಟಿ ತೆಗೆದ್ರೆ ಗಾಡಿ ಕೆಳಗೆ ಕೂತ್ಬಿಡ್ತೈತೆ ಅಮ್ಮಾರ. ಹಳ್ಳಕ್ಕೆ ಇಳಿದಾಗ ಚಕ್ರದ ಅಚ್ಚು ಮ್ಯಾಲೆ ಬಂದು ಗಾಡಿ ತಳಕ್ಕೆ ಬಡೀತೈತೆ. ಆ ಹೊಡ್ತ ಈಗಿಂದಕ್ಕಿಂತ ಜಾಸ್ತಿ. ಇಷ್ಟು ವರ್ಷ ಗಾಡಿ ಗಟ್ಟಿ ಮಾಡಾದೇ ಮಾಡೀನಿ. ಮೆತ್ತಗೆ ಮಾಡ್ರಿ ಅಂತ ಯಾರೂ ಬಂದಿಲ್ಲ. ಜರಾ ಯೋಚ್ನೆ ಮಾಡ್ತೀನಿ, ಗಾಡಿ ಬಿಟ್ಟು ಹೋಗ್ರಿ."

ಮೊದಲ ಪ್ರಯತ್ನ ಕೆಟ್ಟಿತು. ಕೆಲವು ಪಟ್ಟಿ ತೆಗೆದು ಉಳಿದವನ್ನು ಕಾಸಿ ಬಾಗಿಸಿ ಕೂರಿಸಿ, ಅಕ್ಕನಾಗಮ್ಮನಿಗೆ ಓಡಿಸಲು ಹೇಳಿ, ತಾನೇ ಹಿಂದಿನ ಹಾಸಿಗೆಯ ಮೇಲೆ ಅಂಗಾತ ಮಲಗಿದ. ಮಾರ್ಕೆಟ್ ರಸ್ತೆಯ ಮೊದಲ ಗುಂಡಿಗೇ ಅಚ್ಚು ಬಡಿದು ಅವನ ತಲೆ ಕಬ್ಬಿಣದ ಅಂಚಿಗೆ ತಾಗಿತು. "ಅಯ್ಯೋ ಅಲ್ಲಾ" ಎಂದು ಕೂಗಿದವನು ತಲೆ ಒತ್ತಿಕೊಂಡೇ "ತಿರುಗಿಸ್ರಿ ಅಮ್ಮಾರ, ಇದು ಆಗಲ್ಲ" ಎಂದ. ಆಮೇಲೆ ಬೇರೆಯದೇ ಕಮಾನು ತರಿಸಿದ. ಪಟ್ಟಿ ಎರಡೇ, ಆದರೆ ಉದ್ದ. ನಡುವೆ ದಪ್ಪ, ತುದಿಗೆ ಹೋಗುತ್ತ ತೆಳ್ಳಗಾಗುವಂಥವು. ಎರಡರ ನಡುವೆ ರಬ್ಬರ್, ತುದಿಯ ಕೀಲುಗಳಿಗೆ ಹೊಸ ಬುಷ್. ಕುಣಿತ ತಡೆಯಲು ಹೊಸ ಶಾಕ್ ಅಬ್ಸಾರ್ಬರ್. ಮತ್ತೆ ಮಲಗಿದ, ಮತ್ತೆ ಆಕೆ ಓಡಿಸಿದಳು. ಅಂಗಡಿಯವರೆಲ್ಲ ಹೊರಗೆ ಬಂದು ನೋಡಿದರು: ಸೀರೆಯುಟ್ಟ ಹೆಂಗಸು ಮುಂದೆ, ಗಡ್ಡದ ಮಿಸ್ತ್ರಿ ಹಿಂದೆ ಕಣ್ಣು ಮುಚ್ಚಿಕೊಂಡು.

"ಈಗ ನಿದ್ದಿ ಬರಂಗೈತೆ" ಎಂದು ಅವನು ಎದ್ದು ಕೂತ. ಕೀಲಿ ಕೊಡುವಾಗ ಒಂದು ಎಚ್ಚರಿಕೆ ಹೇಳಿದ: "ಮೆತ್ತಗೆ ಮಾಡಿದ ಗಾಡಿ ಓಟಕ್ಕೆ ಬರಲ್ಲ. ಜೋರಾಗಿ ತಿರುವಿದ್ರೆ ಓಲಾಡ್ತೈತೆ. ನಿಧಾನ ಹೋಗ್ರಿ."

"ನಮಗೆ ಎಲ್ಲಿಗೆ ಹೋಗೋ ಅವಸರ ಐತ್ರಿ ಸಾಬ್ರೇ?" ಎಂದಳು ಅಕ್ಕನಾಗಮ್ಮ.

ರಶ್ಮಿತಾಳನ್ನು ಮಲಗಿಸಿಕೊಂಡು ಹೊರಟ ದಿನ, ರೈಲ್ವೆ ಗೇಟು ದಾಟಿದ ಮೇಲೆ ಹಿಂದಿನಿಂದ ಆ ದೊಡ್ಡ ದನಿ ಕೇಳಿತು: "ಅವ್ವಾ, ಗಾಡಿ ಹೊಂಟೈತೇನು ಇನ್ನ ನಿಂತೈತೇನು?" ಅಕ್ಕನಾಗಮ್ಮ ರಸ್ತೆ ಬದಿಗೆ ನಿಲ್ಲಿಸಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಯಾಕವ್ವಾ, ಏನಾತು?" ಎಂದರೆ "ಧೂಳು" ಎಂದಳು.

ಮುಂದಿನ ವರ್ಷಗಳೇ ಆ ಮನೆಯ ಒಳ್ಳೆಯ ಕಾಲ. ಮನೆಗೋಡೆಗಳ ನಡುವೆಯೇ ಇದ್ದ ಹುಡುಗಿ ಊರು ನೋಡಿದಳು. ಕಾಲೇಜು ಸೇರಿದಳು, ಬಿ.ಎ. ತರಗತಿಗೆ ಗಾಲಿಕುರ್ಚಿಯಲ್ಲಿ ಹೋಗಿ ಮೊದಲ ಸಾಲಿನಲ್ಲಿ ಕೂತು ಮೇಷ್ಟ್ರಿಗೆ ಪ್ರಶ್ನೆ ಹಾಕಿದಳು. ವಾರಕ್ಕೊಮ್ಮೆ ಅಜ್ಜಿಯ ಮನೆ. ಗಾಡಿಯಲ್ಲಿ ಮಲಗಿಕೊಂಡೇ ಹೋಗುವುದರಿಂದ ಅವಳಿಗೆ ಕಿಟಕಿಯಲ್ಲಿ ಕಾಣುತ್ತಿದ್ದದ್ದು ಮರದ ತುದಿ, ಕರೆಂಟ್ ತಂತಿ, ಬೋರ್ಡುಗಳ ಮೇಲಿನ ಸಾಲು, ಅಷ್ಟೆ. ಆದರೂ ಯಾವ ಹಂಪ್ ಎಲ್ಲಿ ಬರುತ್ತದೆಂದು ಚೆನ್ನಾಗಿ ಗೊತ್ತಿತ್ತು. ಒಂದೊಂದಕ್ಕೂ ನೆಂಟರ ಹೆಸರಿಟ್ಟಿದ್ದಳು. "ಅವ್ವಾ, ಮುಂದೆ ಸಣ್ಣತ್ತೆ ಬರ್ತಾಳೆ, ಮೆಲ್ಲಕ." "ಅವ್ವಾ, ದೊಡ್ಡಪ್ಪ ಬಂದ. ಬ್ರೇಕ್ ಹಾಕು, ಇಲ್ದಿದ್ರೆ ಬೈತಾನೆ." ಹಿಂದೆ ಬರುವ ಗಾಡಿಗಳು ಎಷ್ಟು ಹಾರ್ನ್ ಹೊಡೆದರೂ ಅಕ್ಕನಾಗಮ್ಮ ಒಂದೊಂದೇ ಚಕ್ರ ಇಳಿಸಿ ನೆಂಟರನ್ನು ದಾಟುತ್ತಿದ್ದಳು.

ಹರಿಹರಕ್ಕೆ ಹೋದಾಗಲೆಲ್ಲ ಹಿದಾಯತ್‌ನ ಗ್ಯಾರೇಜಿನ ಮುಂದೆ ನಿಲ್ಲುವುದು ರೂಢಿಯಾಯಿತು. ಅವನು ಕೆಳಗೆ ತೂರಿ ಪಟ್ಟಿಗಳನ್ನು ಬೆರಳಿನಿಂದ ತಡವಿ ನೋಡುತ್ತಿದ್ದ. ಮನೆ ಗ್ಯಾರೇಜಿನ ಹಿಂದೆಯೇ ಇದ್ದದ್ದರಿಂದ ಅವನ ಹೆಂಡತಿ ಮಾಬೂಬೀ ಹೊರಗೆ ಬಂದು ಕಿಟಕಿಯಿಂದ ಹುಡುಗಿಯ ಕೆನ್ನೆ ಮುಟ್ಟಿ ಹೋಗುತ್ತಿದ್ದಳು. ರಂಜಾನಿನಲ್ಲಿ ಸುರ್‌ಕುರ್ಮಾ ಪಾಯಸದ ಡಬ್ಬಿ ಬರುತ್ತಿತ್ತು.

"ಚಾಚಾ, ನಿಮ್ಮ ಗಾಡಿ ಈ ಸಲ ಸ್ವಲ್ಪ ಕೊಂಯ್ ಅಂತೈತೆ" ಎಂದು ರಶ್ಮಿತಾ ದೂರು ಹೇಳುತ್ತಿದ್ದಳು.

"ಅದು ಗಾಡಿ ಅಲ್ಲ ಬೇಟಿ, ನಿನ್ನ ಮಾತು ಕೇಳಿ ಕೇಳಿ ಅದಕ್ಕೂ ಮಾತು ಬಂದೈತೆ."

ಅಷ್ಟು ವರ್ಷಗಳಲ್ಲಿ ಮನೆಯಲ್ಲಿ ಮೂಳೆ ಮುರಿದದ್ದುಂಟು, ಕೆಮ್ಮಿಗೆ ಪಕ್ಕೆಲುಬು ಹೋದದ್ದುಂಟು. ಗಾಡಿಯಲ್ಲಿ ಒಂದೂ ಮುರಿಯಲಿಲ್ಲ.

ಡಾಕ್ಟರು ಮೊದಲೇ ಹೇಳಿದ್ದ ಇನ್ನೊಂದು ಮಾತಿತ್ತು. ಬೆನ್ನುಮೂಳೆ ಬಾಗುತ್ತ ಹೋಗುತ್ತದೆ, ಎದೆಗೂಡು ಇಕ್ಕಟ್ಟಾಗುತ್ತದೆ, ಶ್ವಾಸಕೋಶಕ್ಕೆ ಜಾಗ ಸಾಲುವುದಿಲ್ಲ. ಬಿ.ಎ. ಕೊನೆಯ ವರ್ಷದಲ್ಲಿ ರಶ್ಮಿತಾಳ ದನಿ ಸಣ್ಣದಾಗತೊಡಗಿತು. ಒಂದು ವಾಕ್ಯವನ್ನು ಎರಡು ತುಂಡು ಮಾಡಿ ಹೇಳುತ್ತಿದ್ದಳು. ಕ್ಯಾಚ್ ಬಿಟ್ಟವನನ್ನು ಬೈಯದೆ ಸುಮ್ಮನೆ ನೋಡುತ್ತಿದ್ದಳು. ಅಕ್ಕನಾಗಮ್ಮ ಅದನ್ನು ಗಮನಿಸಿದಳು, ಗಂಡನಿಗೆ ಹೇಳಲಿಲ್ಲ. ಅವನೂ ಗಮನಿಸಿದ್ದ, ಇವಳಿಗೆ ಹೇಳಿರಲಿಲ್ಲ.

ಕಳೆದ ಮಾರ್ಗಶಿರದ ಚಳಿಯಲ್ಲಿ ತಾಯಿ ಮಗಳು ಇಬ್ಬರೇ ಅಜ್ಜಿಯ ಮನೆಗೆ ಹೋಗಿದ್ದರು. ಮಗಳಿಗೆ ಸ್ವಲ್ಪ ನೆಗಡಿಯಾಗಿತ್ತು, ಎರಡು ದಿನ ಇದ್ದು ಬರೋಣ ಎಂದುಕೊಂಡಿದ್ದರು. ಎರಡನೆಯ ದಿನ ಬೆಳಿಗ್ಗೆ ಹುಡುಗಿಗೆ ಉಸಿರು ಸಿಕ್ಕುತ್ತಿರಲಿಲ್ಲ. ತುಟಿ ಕಪ್ಪಿಟ್ಟಿತ್ತು. ಹರಿಹರದ ಡಾಕ್ಟರು ಆಕ್ಸಿಜನ್ ಹಾಕಿ, ಕೂಡಲೇ ದಾವಣಗೆರೆಗೆ ಕರೆದೊಯ್ಯಿರಿ ಎಂದರು. ಆಂಬುಲೆನ್ಸ್ ಸಿದ್ಧವಿತ್ತು. ರಶ್ಮಿತಾ ತಲೆ ಅಲ್ಲಾಡಿಸಿ "ನಮ್ಮ ಗಾಡಿ" ಎಂದಳು. ಸಿಲಿಂಡರನ್ನು ಹಾಸಿಗೆಯ ಪಕ್ಕಕ್ಕೆ ಕಟ್ಟಿ, ನಿರ್ಮಲಮ್ಮ ಹಿಂದೆ ಕೂತು, ಅಕ್ಕನಾಗಮ್ಮ ಹೊರಟಳು.

ಊರು ದಾಟಿ ಖಾಲಿ ರಸ್ತೆ ಸಿಕ್ಕಾಗ ಆಕೆಯ ಕಾಲು ತಾನಾಗಿ ಒತ್ತಿತು. ಮೊದಲ ತಿರುವಿಗೇ ಗಾಡಿ ಬಲಕ್ಕೂ ಎಡಕ್ಕೂ ತೂಗತೊಡಗಿತು. ಹಿಂದಿನಿಂದ ಮಗಳು ನರಳಿದಳು.

"ಅವ್ವಾ... ಮೆಲ್ಲಕ."

"ಆಸ್ಪತ್ರಿ ಮುಟ್ಬೇಕಲ್ಲವ್ವಾ."

"ನೋಯ್ತೈತೆ. ಮೆಲ್ಲಕ ಹೋಗು."

ಆಕೆ ವೇಗ ಇಳಿಸಿದಳು. ಪ್ರತಿ ದಿನ ಹೋಗುವ ವೇಗದಲ್ಲೇ ಹೋದಳು. ಹಂಪ್ ಬಂದಾಗ ಹಿಂದಿನಿಂದ ಯಾವ ಹೆಸರೂ ಕೇಳಿಸಲಿಲ್ಲ. ಆಗ ಆಕೆಯೇ ಹೇಳಿದಳು: "ಸಣ್ಣತ್ತೆ ಬಂದ್ಲು ನೋಡವ್ವಾ." ಆಮೇಲೆ "ದೊಡ್ಡಪ್ಪ ಬಂದ." ಹೀಗೆ ಎಲ್ಲರನ್ನೂ ಕರೆಯುತ್ತ ಆಸ್ಪತ್ರೆ ಮುಟ್ಟಿಸಿದಳು. ಮಗಳಿಗೆ ಇನ್ನೂ ಎಚ್ಚರವಿತ್ತು. ಮೂರನೆಯ ದಿನ ಮಧ್ಯಾಹ್ನ ಹೋಗಿಬಿಟ್ಟಳು. ಇಪ್ಪತ್ತೊಂದು ವರ್ಷ.

ಹದಡಿಯ ಜಮೀನಿನಲ್ಲಿ ಸಮಾಧಿ ಎಂದು ನಿಶ್ಚಯವಾಯಿತು. ನೆಂಟರು ಬೇರೆ ವಾಹನ ಕರೆಸಿದ್ದರು. ಅಕ್ಕನಾಗಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಆಕಿ ನಮ್ಮ ಗಾಡ್ಯಾಗೆ ಬರ್ತಾಳೆ. ನಾನೇ ಓಡಿಸ್ತೀನಿ."

"ಹೆಂಗಸರು ಓಡಿಸ್ಕೊಂಡು ಹೋಗಾದು ಎಲ್ಲೈತೆ ತಂಗೀ? ಈಗ ಆಕಿಗೆ ಏನು ನೋವು ಗೊತ್ತಾಗ್ತೈತೆ?" ಎಂದ ನೆಂಟರಲ್ಲೊಬ್ಬ ಹಿರಿಯ.

ಆಕೆ ಹೋಗಿ ಗಾಡಿಯ ಹಿಂಬಾಗಿಲು ತೆಗೆದಳು. ಕರಿಬಸವರಾಜ ಮಗಳ ದೇಹವನ್ನು ಹಲಗೆಯ ಸಮೇತ ಎತ್ತಿ ಆ ಹಾಸಿಗೆಯ ಮೇಲೆ ಸರಿಸಿ, ತಾನೂ ಹತ್ತಿ ಪಕ್ಕದಲ್ಲಿ ಕೂತ. ಹದಡಿಯವರೆಗೂ ಆಕೆ ಹಾಗೆಯೇ ಓಡಿಸಿದಳು, ಹಿಂದೆ ನೆಂಟರ ಗಾಡಿಗಳ ಸಾಲು ನಡೆಯುವ ಹೆಜ್ಜೆಯಷ್ಟೇ ವೇಗದಲ್ಲಿ ಬರಬೇಕಾಯಿತು. ಯಾರೂ ಹಾರ್ನ್ ಹೊಡೆಯಲಿಲ್ಲ.

ಅವರ ಮನೆತನದಲ್ಲಿ ಸತ್ತವರನ್ನು ಕಾಲು ಮಡಚಿ, ಕೂರಿಸಿ ಸಮಾಧಿ ಮಾಡುವ ಪದ್ಧತಿ. ಗುಂಡಿಯೂ ಹಾಗೆಯೇ ತೋಡಿತ್ತು. ಮಡಚಲು ಒಬ್ಬರು ಮುಂದೆ ಬಂದಾಗ ಅಕ್ಕನಾಗಮ್ಮ ಗುಂಪು ಸೀಳಿಕೊಂಡು ಒಳಗೆ ಬಂದಳು. ಅಲ್ಲಿಯವರೆಗೆ ಅಳದೇ ಇದ್ದವಳು ಆಗ ಕೈ ಮುಗಿದು ಅತ್ತಳು. "ಆಕಿ ಕಾಲು ಮಡಚಬ್ಯಾಡ್ರಿ. ಮುರೀತೈತೆ. ನಿಮ್ಮ ಕಾಲು ಹಿಡೀತೀನಿ, ಮಡಚಬ್ಯಾಡ್ರಿ." ಹಿರಿಯರು ಮುಖ ಮುಖ ನೋಡಿಕೊಂಡರು. ಪೂಜೆಗೆ ಬಂದಿದ್ದ ಅಯ್ಯನವರು ವಯಸ್ಸಾದವರು. "ಗುಂಡಿ ಉದ್ದ ಮಾಡ್ರಿ" ಎಂದರು. ಹಾರೆ ಗುದ್ದಲಿ ಮತ್ತೆ ಬಂದವು. ರಶ್ಮಿತಾಳನ್ನು ಮಲಗಿಸಿದರು.

ಮನೆ ಖಾಲಿಯಾಯಿತು. ಗಂಡ ಅಂಗಡಿಗೆ ಹೋಗಿ ಬರುತ್ತಿದ್ದ, ಹೆಂಡತಿ ಅಡುಗೆ ಮಾಡಿ ಬಡಿಸುತ್ತಿದ್ದಳು. ಒಂದು ಭಾನುವಾರ ಊಟದ ತಟ್ಟೆಯ ಮುಂದೆ ಕೂತ ಕರಿಬಸವರಾಜ ಅನ್ನ ಕಲಸುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದ: "ಅವತ್ತು ಸ್ವಲ್ಪ ಬಿರ್ರನೆ ಬಂದಿದ್ರೆ ಏನಾಗ್ತಿತ್ತೋ."

ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಅಕ್ಕನಾಗಮ್ಮ ಆ ದಿನದಿಂದ ಸರಿಯಾಗಿ ಉಣ್ಣಲಿಲ್ಲ. ತಾನೂ ಮನಸ್ಸಿನಲ್ಲಿ ಅದನ್ನೇ ಕೇಳಿಕೊಳ್ಳುತ್ತಿದ್ದಳು. ಬೇಗ ಬಂದಿದ್ದರೂ ಹೆಚ್ಚು ವ್ಯತ್ಯಾಸವಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವರು ಎಲ್ಲರಿಗೂ ಹಾಗೆಯೇ ಹೇಳುತ್ತಾರೆ ಎಂದು ಆಕೆ ನಂಬಿದ್ದಳು.

ಯುಗಾದಿ ಕಳೆದ ಮೇಲೆ ಒಂದು ದಿನ ಬಸ್ಸು ಹತ್ತಿ ಹರಿಹರಕ್ಕೆ ಹೋದಳು. ತಾಯಿಯ ಮನೆಗೆ ಹೋಗದೆ ನೇರ ಗ್ಯಾರೇಜಿಗೆ ಹೋದಳು. ಹಿದಾಯತ್ ಕೆಲಸ ಬಿಟ್ಟು ಎದ್ದು ಬಂದ. ಮಾಬೂಬೀ ಒಳಗೆ ಕರೆದು ಕೂರಿಸಿ, ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತಳು.

"ಸಾಬ್ರೇ, ಒಂದು ಕೇಳ್ತೀನಿ. ಖರೇ ಹೇಳ್ರಿ. ಅವತ್ತು ನಾನು ಜೋರಾಗಿ ಓಡಿಸಿದ್ರೆ ಗಾಡಿ ಓಡ್ತಿತ್ತಾ?"

ಹಿದಾಯತ್ ನೆಲ ನೋಡಿದ.

"ಇಲ್ಲ ಅಮ್ಮಾರ. ಓಡ್ತಿದ್ದಿಲ್ಲ. ನಾನೇ ಹಂಗೆ ಮಾಡಿಟ್ಟಿದ್ದೆ ಅದನ್ನ. ನೀವು ಜೋರು ಮಾಡಿದ್ರೆ ಮಗುಚ್ಕೊಂತಿತ್ತು. ತಪ್ಪಿದ್ರೆ ನನ್ನದು. ನಿಮ್ಮದು ಏನೇನೂ ಇಲ್ಲ."

ಅದು ಪೂರ್ತಿ ನಿಜವಲ್ಲ. ತಿರುವಿನಲ್ಲಿ ಓಲಾಡುತ್ತಿತ್ತು, ನಿಜ. ನೇರ ಹೆದ್ದಾರಿಯಲ್ಲಿ ಓಡುತ್ತಿತ್ತು. ಮಗಳಿಲ್ಲದೆ ಒಬ್ಬಳೇ ಬರುವಾಗ ಅಕ್ಕನಾಗಮ್ಮ ಎಷ್ಟೋ ಸಲ ಓಡಿಸಿದ್ದಳು. ಹಿದಾಯತ್‌ಗೂ ಅದು ಗೊತ್ತಿತ್ತು. ತನಗೆ ಗೊತ್ತಿದೆ ಎಂದು ಅವನಿಗೆ ಗೊತ್ತಿದೆಯೋ ಇಲ್ಲವೋ ಎಂದು ಆಕೆ ಅವನ ಮುಖ ನೋಡಿದಳು. ಅವನ ಗಡ್ಡ ಒದ್ದೆಯಾಗಿತ್ತು. ಆಕೆ ಮಾಬೂಬೀ ಕೊಟ್ಟ ನೀರು ಕುಡಿದು, "ಬರ್ತೀನಿ" ಎಂದು ಎದ್ದಳು.

ಸಂಜೆ ಗಂಡ ಬಂದಾಗ ಇದ್ದದ್ದನ್ನೆಲ್ಲ ಹೇಳಿದಳು. "ಹಿದಾಯತ್ ಸಾಬ್ರು ತಪ್ಪೆಲ್ಲ ತಮ್ಮದೇ ಅಂದ್ರು. ಸುಳ್ಳು ಹೇಳಿದ್ರು ಪಾಪ. ಗಾಡಿ ಓಡ್ತಿತ್ರಿ. ನಾನೇ ಓಡಿಸ್ಲಿಲ್ಲ. ಆಕಿ ನೋಯ್ತೈತೆ ಅಂದ್ಲು, ನನಗೆ ಆಗ್ಲಿಲ್ಲ."

ಕರಿಬಸವರಾಜ ಚಪ್ಪಲಿಯನ್ನೂ ಬಿಡದೆ ನಡುಮನೆಯಲ್ಲೇ ನಿಂತಿದ್ದ. ತಾನು ಆಡಿದ ಮಾತು ಎಲ್ಲಿಗೆ ಹೋಗಿ ಮುಟ್ಟಿತು ಎಂಬುದು ಆಗಷ್ಟೇ ಅವನಿಗೆ ತಿಳಿಯಿತು. ಕೆಳಗೆ ಕೂತು ಜೋರಾಗಿ ಅತ್ತ. "ನಾನಾಗಿದ್ರೂ ಮೆಲ್ಲಕೇ ಬರ್ತಿದ್ದೆ ನಾಗಮ್ಮ. ಆಕಿ ನೋಯ್ತೈತೆ ಅಂದ ಮ್ಯಾಲೆ ಯಾರಿಗೆ ಆಗ್ತೈತೆ?" ಎಂದ. ಎಷ್ಟೋ ಹೊತ್ತಾದ ಮೇಲೆ ಫೋನ್ ತೆಗೆದು ಹಿದಾಯತ್‌ಗೆ ಹಚ್ಚಿದ. ಆ ಕಡೆಯಿಂದ "ಸಾವ್ಕಾರ್ರೆ, ಸಾವ್ಕಾರ್ರೆ" ಎನ್ನುವುದು ಕೇಳುತ್ತಿತ್ತು. ಕೊನೆಗೆ "ಆಕಿನ್ನ ಚಲೋ ನೋಡ್ಕೊಂಡ್ರಿ ನೀವು" ಎಂದಷ್ಟೇ ಹೇಳಿ ಇಟ್ಟ.

ಗಾಡಿ ಶೆಡ್ಡಿನಲ್ಲಿದೆ. ಮಾರುವ ಮಾತು ಒಂದೆರಡು ಸಲ ಬಂದು ನಿಂತಿದೆ. ಬ್ಯಾಟರಿ ಇಳಿದುಹೋಗಿದೆ, ಟೈರಿನ ಗಾಳಿಯೂ ಕಡಿಮೆಯಾಗಿದೆ. ಅಕ್ಕನಾಗಮ್ಮ ಅದರ ಕಡೆ ಹೋಗುವುದಿಲ್ಲ. ಸೋಮವಾರ ಗಂಡ ಹೆಂಡತಿ ಬಸ್ಸಿನಲ್ಲಿ ಹದಡಿಗೆ ಹೋಗಿ ಸಮಾಧಿಗೆ ಹೂ ಇಟ್ಟು ಬರುತ್ತಾರೆ. ಹಿಂದೆಲ್ಲ ಮಗಳ ಹೆಸರು ಬಾಯಿಗೆ ಬಂದರೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು. ಈಗ ಹಾಗಿಲ್ಲ. ಮೊನ್ನೆ ಹೀರೇಕಾಯಿ ಚಟ್ನಿ ಬಡಿಸಿದಾಗ ಕರಿಬಸವರಾಜ ತಾನಾಗಿಯೇ "ರಶ್ಮಿಗೆ ಇದು ಸೇರ್ತಿದ್ದಿಲ್ಲ, ಅಲ್ಲೇನು?" ಎಂದ. "ಮೂಗು ಮುಚ್ಕೊಂತಿದ್ಲು" ಎಂದಳು ಅಕ್ಕನಾಗಮ್ಮ. ಆಕೆ ತನ್ನ ತಟ್ಟೆಗೂ ಚಟ್ನಿ ಹಾಕಿಕೊಂಡು ಕೂತಳು, ಇಬ್ಬರೂ ಉಂಡರು.